ನಾಳೆ ಬಾ ಅಂದರೆ ನಾಳೆಯೇ ಹೋಗುವ ಓಬೇದ

ಕೆಲಸ ಉಳಿದವರು ಮುಗಿಸಿಕೊಂಡು ಬನ್ನಿ, ಮುಗಿದವರು ಹತ್ತಿರ ಸರಿದು ಕೂತುಕೊಳ್ಳಿ. ಇದು ಒಬ್ಬ ತಾಯಿ, ಒಬ್ಬ ಮಗನ ಕತೆ. ತಾಯಿ ಬೆಟಗೇರಿಯ ರಾಹೇಲಮ್ಮ. ಮಗ ಓಬೇದ. ತಾಯಿ ಹೇಳುವವಳು, ಮಗ ಕೇಳುವವನು. ಅವನು ಮಾತು ಕೇಳುವುದಿಲ್ಲ ಅಂತ ಯಾರೂ ಅನ್ನುವ ಹಾಗಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ!

ರಾಹೇಲಮ್ಮ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಗಂಡ ಬೇಗ ತೀರಿಹೋದ. ಮಗ ಆಳೆತ್ತರ ಬೆಳೆದ, ಮೂವತ್ತು ದಾಟಿದ, ಮೀಸೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಗೂದಲೂ ಇಣುಕಿತು. ಬುದ್ಧಿ ಮಾತ್ರ ಬಂದ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು.

ಒಂದು ದಿನ ಅಂಗಳದಲ್ಲಿ ಜೋಳ ಒಣಹಾಕಿ, "ಓಬೇದಾ, ಜೋಳದ ಮ್ಯಾಲೆ ಕಣ್ಣಿಡು, ಗುಬ್ಬಿ ಬಂದಾವು" ಅಂದಳು. ಬಂದು ನೋಡಿದರೆ ಮಗ ಬೋರಲು ಮಲಗಿ ಜೋಳಕ್ಕೆ ಕಣ್ಣೊತ್ತಿಕೊಂಡಿದ್ದಾನೆ. ಆ ತುದಿಯಲ್ಲಿ ಗುಬ್ಬಿಗಳು ಆರಾಮಾಗಿ ತಿನ್ನುತ್ತಿವೆ! ಇನ್ನೊಂದು ದಿನ, "ಬಸ್ಸಿನ್ಯಾಗ ಮುದುಕರು ಬಂದ್ರ ಜಾಗಾ ಬಿಡು" ಅಂದಳು. ಒಬ್ಬ ಮುದುಕ ಹತ್ತಿದ. ಓಬೇದ ಜಾಗ ಬಿಟ್ಟ, ಬಸ್ಸನ್ನೂ ಬಿಟ್ಟ. ರಾಹೇಲಮ್ಮ ಗದಗದ ನಿಲ್ದಾಣದಲ್ಲಿ ಇಳಿದು ನೋಡುತ್ತಾಳೆ, ಮಗನೇ ಇಲ್ಲ.

"ನಾ ಏನ ಪಾಪ ಮಾಡಿದ್ನೋ!" ಅನ್ನುವಳು ತಾಯಿ.

"ಗೊತ್ತಿಲ್ಲವ್ವಾ. ನೀ ಹೇಳಿಲ್ಲ" ಅನ್ನುವನು ಮಗ.

ರಾಹೇಲಮ್ಮನ ನೌಕರಿ ಮುಗಿದ ವರ್ಷ ಸಭೆಯ ಪಾದ್ರಿಗಳು ಒಂದು ಸುದ್ದಿ ಹೇಳಿದರು. ಆಫ್ರಿಕಾದ ಟಾಂಜಾನಿಯಾ ದೇಶದಲ್ಲಿ, ದೊಡ್ಡ ಸರೋವರದ ದಂಡೆಯಲ್ಲಿ ಒಂದು ಸಣ್ಣ ಊರು. ಅಲ್ಲಿಯ ಸಭೆಗೆ ಮನೆ ಮನೆಗೆ ಹೋಗಿ ರೋಗಿಗಳನ್ನು ನೋಡಿ, ನಾಲ್ಕು ಮಾತು ಆಡಿ, ಸತ್ಯವೇದ ಓದಿ, ಪ್ರಾರ್ಥನೆ ಮಾಡುವವರು ಬೇಕು. ಸಂಬಳ ಇಲ್ಲ, ಇರಲಿಕ್ಕೊಂದು ಮನೆ ಕೊಡುತ್ತಾರೆ. ರಾಹೇಲಮ್ಮ ಎದ್ದು ನಿಂತು, "ನಾ ಹೋಗ್ತೀನಿ" ಅಂದುಬಿಟ್ಟಳು.

"ಮತ್ತ ಓಬೇದ?" ಅಂದರು ಎಲ್ಲರೂ.

"ಅವನೂ ಬರ್ತಾನ."

ಅವಳ ಮನಸ್ಸಿನಲ್ಲಿ ಒಂದು ವಿಚಾರವಿತ್ತು, ಯಾರಿಗೂ ಹೇಳಲಿಲ್ಲ. ಬೆಟಗೇರಿಯಲ್ಲಿ ಇವನು ಪೆದ್ದ ಅಂತ ನಾಯಿ ಬೆಕ್ಕಿಗೂ ಗೊತ್ತು. ಅಲ್ಲಿ ಯಾರಿಗೂ ಗೊತ್ತಿಲ್ಲ. ಭಾಷೆ ಬಾರದ ಊರಿನಲ್ಲಿ ಎಂಥವನೂ ಸ್ವಲ್ಪ ಪೆದ್ದನಾಗಿಯೇ ಕಾಣುತ್ತಾನೆ. ಅಲ್ಲಿ ತಾಯಿ ಮಗ ಇಬ್ಬರೂ ಒಂದೇ ಸಾಲಿನಲ್ಲಿ ನಿಂತಾರು.

ಹೋದರು. ಕೆಂಪು ಮಣ್ಣಿನ ಓಣಿ, ತಗಡಿನ ಮಾಡು, ಬಾಳೆಗಿಡ, ಎದುರಿಗೆ ಕಣ್ಣು ಹಾಯುವವರೆಗೂ ನೀರು. ರಾಹೇಲಮ್ಮ ಇದ್ದಿಲಿನ ಒಲೆ ಹೊತ್ತಿಸುವುದನ್ನು ಕಲಿತಳು. ಜೋಳದ ರೊಟ್ಟಿ ಬಿಟ್ಟು, ಗೋವಿನಜೋಳದ ಹಿಟ್ಟು ಕುದಿಸಿ ಮಾಡುವ ಗಟ್ಟಿ ಉಗಾಲಿ ನುಂಗುವುದನ್ನು ಕಲಿತಳು. ಆ ಊರಿನಲ್ಲಿ ಹೊತ್ತು ಹುಟ್ಟಿದ ಮೇಲೆ ಗಂಟೆ ಎಣಿಸುತ್ತಾರೆ, ನಮ್ಮ ಬೆಳಗಿನ ಏಳು ಅಂದರೆ ಅವರ ಒಂದು. ಅದು ತಿಳಿಯದೆ ಒಂದು ಗಂಟೆಯ ಕೂಟಕ್ಕೆ ಮಟಮಟ ಮಧ್ಯಾಹ್ನ ಹೋಗಿ, ಖಾಲಿ ಬೆಂಚುಗಳ ಎದುರು ಒಬ್ಬಳೇ ಕೂತು ಬಂದಳು. ಅವತ್ತು ಮಗನನ್ನು ಬೈಯಲಿಕ್ಕೆ ಕಾರಣವೇ ಸಿಗಲಿಲ್ಲ.

ಸ್ವಾಹಿಲಿ ಭಾಷೆ ಮಾತ್ರ ಓಬೇದನಿಗೇ ಬೇಗ ಬಂತು. ಒಂದು ಮಾತಿಗೆ ಒಂದೇ ಅರ್ಥ ಅಂದುಕೊಂಡವನಿಗೆ ಕಲಿಯುವುದಕ್ಕೆ ಎಷ್ಟು ಹೊತ್ತು? ರಾಹೇಲಮ್ಮ ಇನ್ನೂ ತಡವರಿಸುತ್ತಿದ್ದಾಗ ಅವನು ಪಕ್ಕದ ಮನೆಯ ನೀಮಾಳ ಜೊತೆ ಕೋಳಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದ.

ಮೊದಲ ವಾರ ತಾಯಿ ಬುದ್ಧಿ ಹೇಳಿದಳು. "ಓಬೇದಾ, ನಾವು ಸೇವಾ ಮಾಡಾಕ ಬಂದವರು. ಯಾರರ ಪ್ರೀತಿಯಿಂದ ಕರದ್ರ ಮಾತು ತಗದ ಹಾಕಬ್ಯಾಡ."

"ಆತವ್ವಾ."

ಇದ್ದಿಲು ತರಲು ಕಳಿಸಿದಳು. ಊಟದ ಹೊತ್ತು. ಜನ ಮನೆ ಮುಂದೆ ಚಾಪೆ ಹಾಸಿ ಉಣ್ಣುತ್ತಿದ್ದರು. ದಾರಿಯಲ್ಲಿ ಹೋಗುವವರನ್ನು "ಕರೀಬು! ಬನ್ನಿ, ಊಟ ಮಾಡಿ!" ಅಂತ ಕರೆಯುವುದು ಆ ಊರಿನ ಮರ್ಯಾದೆ. ಓಬೇದ ಹೋದ, ಕೂತ, ಉಂಡ. ಎದ್ದು ಹತ್ತು ಹೆಜ್ಜೆ ಇಟ್ಟ. "ಕರೀಬು!" ಹೋದ, ಕೂತ, ಉಂಡ. ಮತ್ತೆ "ಕರೀಬು!" ಮತ್ತೆ ಕೂತ. ಓಣಿ ಮುಗಿಯುವ ಹೊತ್ತಿಗೆ ಇದ್ದಿಲ ಅಂಗಡಿಯ ಬಾಗಿಲು ಹಾಕಿತ್ತು. ಹೊಟ್ಟೆ ಹಿಡಿದುಕೊಂಡು, ಖಾಲಿ ಚೀಲ ಹಿಡಿದುಕೊಂಡು ಮನೆಗೆ ಬಂದ. ರಾಹೇಲಮ್ಮ ಹಸಿ ಅವರೆಕಾಳು ಮುಂದಿಟ್ಟುಕೊಂಡು ಕಾಯುತ್ತಿದ್ದಳು.

"ಎಲ್ಲಾರ ಮನ್ಯಾಗೂ ಉಂಡಿಯೇನೋ, ಮಾರಾಯಾ!"

"ಎಲ್ಲಾರೂ ಕರದ್ರವ್ವಾ!"

"ಕರೀತಾರ! ಅದು ಬಾಯಿಮಾತು! 'ಹೊಟ್ಟಿ ತುಂಬೇತಿ, ಇನ್ನೊಮ್ಮೆ ಬರ್ತೀನಿ' ಅಂತ ಕೈ ಮುಗದು ಮುಂದ ನಡೀಬೇಕು. ತಿಳೀತೇನು?"

"ತಿಳೀತು."

ಭಾನುವಾರ ಬಂತು. ಸಭೆಯಲ್ಲಿ ಕರ್ತನ ಭೋಜನ. ಜನ ಸಾಲಾಗಿ ಹೋಗಿ ಮೊಣಕಾಲೂರುತ್ತಿದ್ದರು. ಪಾದ್ರಿ ತುಮಾಯಿನಿ ಎತ್ತರದ ಆಳು, ಗಂಭೀರ ಮುಖ. ರೊಟ್ಟಿಯ ತುಂಡನ್ನು ಓಬೇದನ ಮುಂದೆ ಹಿಡಿದು, "ತೆಗೆದುಕೊಂಡು ತಿನ್ನು" ಅಂದರು.

ಓಬೇದ ಕೈ ಮುಗಿದ. "ಹೊಟ್ಟೆ ತುಂಬಿದೆ. ಇನ್ನೊಮ್ಮೆ ಬರ್ತೀನಿ" ಅಂದ. ಎದ್ದು ಮುಂದೆ ನಡೆದ.

ಗಾಯನದವರ ಹಾಡು ನಡುವೆಯೇ ತುಂಡಾಯಿತು. ಯಾರೋ ಕಿಸಕ್ ಅಂದರು. ರಾಹೇಲಮ್ಮನಿಗೆ ಬೆಂಚಿನ ಕೆಳಗೆ ಹೊಕ್ಕುಬಿಡೋಣ ಅನ್ನಿಸಿತು.

"ದೇವರ ರೊಟ್ಟಿ ಬ್ಯಾಡ ಅಂದಿಯಲ್ಲೋ, ಪೆದ್ದಾ!"

"ಬ್ಯಾಡ ಅನ್ನಲಿಲ್ಲ. ಇನ್ನೊಮ್ಮೆ ಬರ್ತೀನಿ ಅಂದೆ."

"ನಿನಗ ತಿಳೀದಿದ್ರ ಮುಂದಿನವರನ್ನ ನೋಡು! ನಿನ್ನ ಮುಂದ ಇದ್ದವರು ಹೆಂಗ ಮಾಡ್ತಾರೋ ಹಂಗ ಮಾಡು. ಅಷ್ಟ ಸಾಕು."

"ಆತವ್ವಾ. ಮುಂದಿನವರು ಮಾಡಿದಂಗ."

ಆ ವಾರವೇ ಮೀನುಗಾರನೊಬ್ಬ ತೀರಿಕೊಂಡ. ಸಭೆಯವರೆಲ್ಲ ಮಣ್ಣಿಗೆ ಹೋದರು. ಓಬೇದನ ಮುಂದೆ ನಿಂತವಳು ಸತ್ತವನ ತಂಗಿ. ಪೆಟ್ಟಿಗೆ ಇಳಿಸುತ್ತಿದ್ದ ಹಾಗೆ ಆಕೆ ಚಿಟ್ಟನೆ ಚೀರಿ, ಎದೆ ಬಡಿದುಕೊಂಡು, ನೆಲಕ್ಕೆ ಬಿದ್ದು ಹೊರಳಾಡಿದಳು. ಓಬೇದ ನೋಡಿದ. ಚಿಟ್ಟನೆ ಚೀರಿದ! ಎದೆ ಬಡಿದುಕೊಂಡ! ನೆಲಕ್ಕೆ ಬಿದ್ದು ಹೊರಳಾಡಿದ! ಆಕೆಗಿಂತ ಇವನಿಗೆ ಮೈ ದೊಡ್ಡದು, ಧ್ವನಿಯೂ ದೊಡ್ಡದು. ನಾಲ್ಕು ಜನ ಹಿಡಿದೆತ್ತಿದರು, ಮುಖಕ್ಕೆ ನೀರು ಹೊಡೆದರು. "ಪಾಪ, ಅಷ್ಟು ಗೆಳೆತನವಿತ್ತೇ?" ಅಂತ ಕೇಳಿದರು. "ನಾನು ಅವರನ್ನು ನೋಡೇ ಇಲ್ಲ" ಅಂದ ಓಬೇದ, ಮೈಮೇಲಿನ ಮಣ್ಣು ಕೊಡವುತ್ತಾ.

ರಾಹೇಲಮ್ಮ ಅವನ ರಟ್ಟೆ ಹಿಡಿದು ಮನೆಗೆ ಕರೆತಂದಳು. ಬಾಗಿಲು ಹಾಕಿದ ಮೇಲೆ ಶುರುವಾಯಿತು.

"ಮಂದಿ ದುಃಖಾನ ಆಟಾ ಮಾಡಿದಿ! ಮಂದಿ ಹತ್ರ ಹೋಗಬೇಕು, ಮೆಲ್ಲಕ ಕೈ ಹಿಡೀಬೇಕು. 'ಪೋಲೆ. ಏನ ಮಾಡೂದು, ಆದದ್ದು ಆತು, ದೇವರು ತಡಕೊಳ್ಳೂ ಶಕ್ತಿ ಕೊಡಲಿ' ಅನಬೇಕು."

ಪೋಲೆ ಅಂದರೆ ಅಯ್ಯೋ ಪಾಪ ಅಂತ. ಕಾಲು ಎಡವಿದವನಿಗೂ ಪೋಲೆ, ಮನೆ ಸುಟ್ಟವನಿಗೂ ಪೋಲೆ.

"ಮೆಲ್ಲಕ ಕೈ ಹಿಡೀಬೇಕು. ಪೋಲೆ ಅನಬೇಕು" ಅಂತ ಓಬೇದ ಬಾಯಿಪಾಠ ಮಾಡಿಕೊಂಡ.

ಮುಂದಿನ ಶನಿವಾರ ಗಾಯನದ ತಂಡದ ಹುಡುಗನೊಬ್ಬನ ಮದುವೆ. ಡೋಲು ಬಡಿಯುತ್ತಿತ್ತು, ಹೆಂಗಸರು ಕುಣಿಯುತ್ತಿದ್ದರು. ಜನ ಸಾಲಾಗಿ ಮದುಮಕ್ಕಳ ಕೈ ಕುಲುಕುತ್ತಿದ್ದರು. ಓಬೇದನ ಸರದಿ ಬಂತು. ಮದುಮಗನ ಕೈಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಹಿಡಿದ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದ: "ಪೋಲೆ. ಏನು ಮಾಡೋದು, ಆದದ್ದು ಆಯಿತು. ದೇವರು ತಡೆದುಕೊಳ್ಳುವ ಶಕ್ತಿ ಕೊಡಲಿ."

ಆಮೇಲೆ ಮದುಮಗಳ ಕಡೆ ತಿರುಗಿ ಇನ್ನೂ ಮೆಲ್ಲಗೆ ಅದನ್ನೇ ಹೇಳಿದ.

ಮದುಮಗ ನಕ್ಕುಬಿಟ್ಟ. ಹಿಂದೆ ನಿಂತ ಮುದುಕರು ತೊಡೆ ತಟ್ಟಿ ನಕ್ಕರು. ಮದುಮಗಳ ತಾಯಿ ನಗಲಿಲ್ಲ. ಡೋಲು ನಿಲ್ಲಿಸಿ, ಈ ಅಪಶಕುನವನ್ನು ಯಾರು ಕರೆದದ್ದು ಅಂತ ಕೇಳಿದಳು.

ರಾಹೇಲಮ್ಮನಿಗೆ ಬೈಯುವ ಶಕ್ತಿಯೂ ಉಳಿದಿರಲಿಲ್ಲ. "ಬಾಯಿ ಮುಚ್ಚು" ಅಂದಳು. "ಇನ್ನ ಮ್ಯಾಲೆ ಬಾಯಿ ಮುಚ್ಚಿಕೊಂಡು, ಕಿವಿ ಕೊಟ್ಟು ಕೇಳು. ಮತ್ತೇನೂ ಮಾಡಬ್ಯಾಡ."

ಮಾರನೆಯ ದಿನ ಪಾದ್ರಿ ತುಮಾಯಿನಿ ತಾವೇ ಮನೆಗೆ ಬಂದರು. ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡರು. "ಅಮ್ಮಾ, ನಿಮ್ಮ ಸೇವೆಯನ್ನು ನಾವು ಕಣ್ಣಿಗೊತ್ತಿಕೊಳ್ಳುತ್ತೇವೆ. ಆದರೆ..."

ಅಷ್ಟರಲ್ಲಿ ಓಬೇದ ಬಂದ. ಒಂದು ಕೈಯಿಂದ ಬಾಯಿ ಮುಚ್ಚಿಕೊಂಡ. ಬಗ್ಗಿ, ಕಿವಿಯನ್ನು ಪಾದ್ರಿಗಳ ತುಟಿಗೆ ತಾಗುವಷ್ಟು ಹತ್ತಿರ ಕೊಟ್ಟು ನಿಂತ. ಪಾದ್ರಿ ಕುರ್ಚಿ ಹಿಂದೆ ಸರಿಸಿದರು. ಕಿವಿಯೂ ಹಿಂದೆಯೇ ಹೋಯಿತು. ಗೋಡೆ ಬಂತು. ಬೇರೆ ದಾರಿಯಿಲ್ಲದೆ ಪಾದ್ರಿಗಳು ತಾಯಿಗೆ ಹೇಳಬೇಕಾದ ಮಾತನ್ನೆಲ್ಲ ಮಗನ ಕಿವಿಯೊಳಗೇ ಹೇಳಿದರು. ಮದುವೆ ಮನೆಯವರು ನೊಂದಿದ್ದಾರೆ, ಇನ್ನು ಮೇಲೆ ಇವನನ್ನು ಮನೆಗಳಿಗೆ ಕರೆದುಕೊಂಡು ಹೋಗಬೇಡಿ, ಸೇವೆ ನಗೆಪಾಟಲಾಗುತ್ತದೆ ಅಂತ.

ರಾಹೇಲಮ್ಮ ತಲೆ ತಗ್ಗಿಸಿ ಕೇಳಿದಳು. ಆಮೇಲೆ, "ಅವನೂ ಸೇವೆಗಂತಲೇ ಸಮುದ್ರ ದಾಟಿ ಬಂದಿದ್ದಾನೆ, ಅಯ್ಯನವರೇ. ಒಂದು ಕೆಲಸವಾದರೂ ಬೇಡವೇ ಅವನಿಗೆ?" ಅಂದಳು.

ಪಾದ್ರಿಗಳು ಸರೋವರದ ಕಡೆ ಕೈ ತೋರಿಸಿದರು. "ಮೀನುಗಾರರ ಓಣಿಯ ಕೊನೆಯಲ್ಲಿ ಒಂದು ಗುಡಿಸಲಿದೆ. ಸಿಕುಜುವಾ ಅಜ್ಜಿಯದು. ನಾನು ಹೋಗಿದ್ದೆ, ನೀವೂ ಒಮ್ಮೆ ಹೋಗಿದ್ದಿರಿ. ಯಾರಿಗೂ ಬಾಗಿಲು ತೆಗೆಯುವುದಿಲ್ಲ. ಅಲ್ಲಿಗೆ ಕಳಿಸಿ. ಅಲ್ಲಿ ಕೆಡಿಸಲಿಕ್ಕೆ ಏನೂ ಇಲ್ಲ."

ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೂ ಆ ಮಾತು ರಾಹೇಲಮ್ಮನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು. ಸಂಜೆ ಇದ್ದಿಲಿಗೆ ಗಾಳಿ ಹಾಕುತ್ತಾ ಕೂತಳು. ತಾನು ಮಗನಿಗೆ ಹೇಳಿದ ಬುದ್ಧಿಮಾತು ಒಂದೊಂದನ್ನೂ ನೆನೆಸಿಕೊಂಡಳು. ಯಾವುದೂ ತಪ್ಪಲ್ಲ. ಆಯಾ ಜಾಗದಲ್ಲಿ ಎಲ್ಲವೂ ಸರಿಯೇ. ಆದರೆ ಲೋಕದಲ್ಲಿ ಜಾಗಗಳು ಎಷ್ಟು! ಒಂದೊಂದಕ್ಕೂ ಒಂದೊಂದು ಮಾತು ಹೇಳುತ್ತಾ ಹೋದರೆ ತನ್ನ ಆಯುಷ್ಯ ಸಾಕೇ? ತಾನು ಕಣ್ಣು ಮುಚ್ಚಿದ ಮರುದಿನ ಇವನಿಗೆ ಏಳು ಅನ್ನುವವರು ಯಾರು, ಉಣ್ಣು ಅನ್ನುವವರು ಯಾರು? ಯಾರೂ ಹೇಳದಿದ್ದರೆ ಸುಮ್ಮನೆ ಕೂತೇ ಇದ್ದುಬಿಡುತ್ತಾನೇನೋ!

ಬೆಳಿಗ್ಗೆ ಮಗನಿಗೆ ಶುಭ್ರ ಅಂಗಿ ಹಾಕಿಸಿದಳು. "ಹೋಗು. ಬಾಗಲದಾಗ ನಿಂತು 'ಹೋಡಿ' ಅಂತ ಕೂಗು. ಹಂಗಂದ್ರ 'ಬರಬಹುದೇನು' ಅಂತ. ಅಜ್ಜಿ ಏನ ಅಂತಾಳೋ ಹಂಗ ಮಾಡು."

ಓಬೇದ ಹೋದ, ಬಂದ.

"ಏನಂದ್ಲು?"

"ನಾಳಿ ಬಾ ಅಂದ್ಲು."

ರಾಹೇಲಮ್ಮನಿಗೂ ಆ ಮುದುಕಿ ಅದನ್ನೇ ಅಂದಿದ್ದಳು. ಅಲ್ಲಿಗೆ ಆ ಮಾತು ಮುಗಿಯಿತು ಅಂದುಕೊಂಡಳು.

"ಹೆಸರು ಕೇಳಿದೆ" ಅಂದ ಓಬೇದ. "ಪಾಪ, ಆಕಿಗೆ ತನ್ನ ಹೆಸರ ಗೊತ್ತಿಲ್ಲಂತ."

ಸಿಕುಜುವಾ ಅಂದರೆ ಆ ಭಾಷೆಯಲ್ಲಿ 'ನನಗೆ ಗೊತ್ತಿರಲಿಲ್ಲ' ಅಂತ. ಹಾಗೂ ಹೆಸರಿಡುತ್ತಾರೆ ಅಲ್ಲಿ. ರಾಹೇಲಮ್ಮನಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು. "ಹುಚ್ಚಾ! ಅದ ಆಕಿ ಹೆಸರು!"

ಮಾರನೆಯ ದಿನ ಬೆಳಿಗ್ಗೆ ಓಬೇದ ಮತ್ತೆ ಶುಭ್ರ ಅಂಗಿ ಹಾಕಿಕೊಂಡು ನಿಂತ.

"ಎಲ್ಲಿಗೆ ಹೊಂಟಿ?"

"ಅಜ್ಜಿ ಮನಿಗೆ. ನಾಳಿ ಬಾ ಅಂದಾಳ."

ಹೋದ. ಮುಚ್ಚಿದ ಬಾಗಿಲ ಮುಂದೆ ನಿಂತ. "ಅಜ್ಜೀ! ನಿಮ್ಮ ಹೆಸರು ಸಿಕುಜುವಾ! ನಮ್ಮ ಅವ್ವನಿಗೆ ಗೊತ್ತಿತ್ತು, ಹೇಳಿದಳು! ಇನ್ನೊಮ್ಮೆ ಮರೆಯಬೇಡಿ!" ಅಂತ ಕೂಗಿದ.

ಒಳಗೆ ಏನೋ ಸದ್ದಾಯಿತು. ಕೆಮ್ಮೋ, ನಗುವೋ ತಿಳಿಯಲಿಲ್ಲ. ಆಮೇಲೆ ಧ್ವನಿ ಬಂತು. "ನಾಳೆ ಬಾ."

ಮಾರನೆಯ ದಿನ ಹೋದ. "ನಾಳೆ ಬಾ." ಅದರ ಮಾರನೆಯ ದಿನವೂ ಹೋದ. "ನಾಳೆ ಬಾ." ಸರೋವರದ ಮೇಲಿಂದ ಮಳೆ ಬಂತು. ಓಣಿಯೆಲ್ಲ ಕೆಸರಾಯಿತು. ತಲೆ ಮೇಲೆ ಬಾಳೆ ಎಲೆ ಹಿಡಿದುಕೊಂಡು ಹೋದ. "ನಾಳೆ ಬಾ." ಊರ ಜನ ನಗಲಿಕ್ಕೆ ಶುರುಮಾಡಿದರು. ನೀಮಾ ಬೇಲಿಯ ಮೇಲಿಂದ, "ಓಬೇದ, ಇವತ್ತು ನಾಳೆ ಆಯಿತೇ?" ಅಂತ ಕೇಳುವಳು. "ಇಲ್ಲ, ಇವತ್ತು ಇವತ್ತೇ" ಅನ್ನುವನು ಅವನು.

ರಾಹೇಲಮ್ಮನಿಗೆ ಸಹನೆ ತಪ್ಪಿತು. "ನಾಳಿ ಬಾ ಅಂದ್ರ ಬರಬ್ಯಾಡ ಅಂತೋ, ಪೆದ್ದಾ!"

ಓಬೇದ ತಾಯಿಯ ಮುಖವನ್ನೇ ನೋಡಿದ. "ಬರಬ್ಯಾಡ ಅನ್ನಬೇಕಂದ್ರ ಬರಬ್ಯಾಡ ಅಂತನ ಅನಬಹುದಿತ್ತಲ್ಲವ್ವಾ. ಅನ್ನಲಿಲ್ಲಲ್ಲ."

ರಾಹೇಲಮ್ಮ ಒಲೆಯ ಕಡೆ ತಿರುಗಿ ಇದ್ದಿಲಿಗೆ ಗಾಳಿ ಹಾಕಿದಳು.

ಮಳೆಗಾಲ ಅರ್ಧ ಕಳೆದಿತ್ತು. ಒಂದು ದಿನ ಓಬೇದ ಬೆಳಿಗ್ಗೆ ಹೋದವನು ಮಧ್ಯಾಹ್ನವಾದರೂ ಬರಲಿಲ್ಲ. ಸಂಜೆಗೆ ಬಂದ. ಒಂದು ಕಿವಿ ಕೆಂಪಗಾಗಿತ್ತು.

"ಎಲ್ಲಿಗೆ ಹೋಗಿದ್ದಿ?"

"ಅಜ್ಜಿ ಬಾಗಲಾ ತಗದ್ಲು."

ರಾಹೇಲಮ್ಮ ಕೈಯಲ್ಲಿದ್ದ ಸೌಟು ಹಾಗೇ ಕೆಳಗಿಟ್ಟಳು. "ಏನಂದ್ಲು?"

ಓಬೇದ ಹೇಳಿದ. ಅವನು ಹೇಳಿದ್ದರಲ್ಲಿ ಸೇರಿಸಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ. ಅಜ್ಜಿಗೆ ಕಣ್ಣು ಮಬ್ಬು. ಮಾತಾಡದೆ ಮಾತಾಡದೆ ಧ್ವನಿ ಗಂಟಲಲ್ಲೇ ಸಿಕ್ಕಿಕೊಂಡಿದೆ, ಪಿಸುಮಾತಿಗಿಂತ ಮೇಲೇಳುವುದಿಲ್ಲ. ಇವನು ಬಾಯಿ ಮುಚ್ಚಿಕೊಂಡು ಕಿವಿಯನ್ನು ಆಕೆಯ ತುಟಿಗೇ ಕೊಟ್ಟು ಕೂತಿದ್ದ. ಆಕೆಗೊಬ್ಬ ಮಗ. ದೋಣಿ ಹತ್ತುವಾಗ 'ನಾಳೆ ಬರ್ತೀನಿ' ಅಂದುಹೋದ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಆಮೇಲೆ ಜನ ಬಂದರು. ಅವರ ಮುಂದೆ ಅಳುವ ಮನಸ್ಸಿರಲಿಲ್ಲ, 'ನಾಳೆ ಬನ್ನಿ' ಅಂದಳು. ಮಾರನೆಯ ದಿನ ಬಾಗಿಲ ಹಿಂದೆ ಕಾದು ಕೂತಳು. ಯಾರೂ ಬರಲಿಲ್ಲ. ಆಮೇಲೂ ಒಬ್ಬೊಬ್ಬರು ಬಂದರು. ಎಲ್ಲರಿಗೂ 'ನಾಳೆ ಬಾ' ಅಂದಳು. ಯಾರೂ ಎರಡನೆಯ ಸಲ ಬರಲಿಲ್ಲ.

"ಎಲ್ಲಾರೂ ಅಂದ್ರ..." ಅಂದಳು ರಾಹೇಲಮ್ಮ.

"ನಿನ್ನ ಹೆಸರೂ ಹೇಳಿದ್ಲವ್ವಾ. ಹೊರದೇಶದ ನರ್ಸಮ್ಮ ಒಮ್ಮೆ ಬಂದಿದ್ಲಂತ."

ರಾಹೇಲಮ್ಮ ಒಲೆಯ ಮುಂದಿನಿಂದ ಎದ್ದು ಹೊರಗೆ ಹೋಗಿ ನಿಂತಳು. ಕೆಳಗೆ ಸರೋವರದ ನೀರು ಬೂದಿ ಬಣ್ಣಕ್ಕೆ ತಿರುಗಿತ್ತು. ಎಷ್ಟೊಂದು ಮನೆಗಳಿಗೆ ಹೋಗಿದ್ದಳು, ಎಷ್ಟು ಅಧ್ಯಾಯ ಓದಿದ್ದಳು! ಒಂದು ಮಾತನ್ನು ಮಾತ್ರ ಅದು ಇದ್ದ ಹಾಗೆ ಕೇಳಿಸಿಕೊಂಡಿರಲಿಲ್ಲ.

ಒಳಗೆ ಬಂದು, "ಅದಕ್ಕ ನೀ ಏನಂದಿ?" ಅಂತ ಕೇಳಿದಳು.

"ಏನ ಅನ್ನಲಿ? ನೀ ಬಾಯಿ ಮುಚ್ಚು ಅಂದಿದ್ದಿ. ಮುಚ್ಚಿದ್ದೆ. ಅಜ್ಜಿ ಬಾಳೆಹಣ್ಣ ಕೊಟ್ಲು, ಬ್ಯಾಡ ಅಂತ ತಲಿ ಅಲ್ಲಾಡಿಸಿದೆ."

"ಅಯ್ಯೋ, ಬ್ಯಾಡ ಅಂದಿಯಾ! ಎಷ್ಟ ವರ್ಷದ ಮ್ಯಾಲೆ ಬಾಗಲಾ ತಗದಾಳ, ಆ ಜೀವಾ ನೋಯಿಸಬ್ಯಾಡ. ಇನ್ನ ಮ್ಯಾಲೆ ಅಜ್ಜಿ ಏನ ಕೊಟ್ರೂ ತೊಗೋ. ಸಣ್ಣದಿರಲಿ ದೊಡ್ಡದಿರಲಿ, ಕೊಟ್ಟದ್ದು ತೊಗೋ."

"ಆತವ್ವಾ."

ಬಾಳೆಹಣ್ಣು ಕೊಟ್ಟಳು, ತೆಗೆದುಕೊಂಡ. ಒಣ ಮೀನು ಕೊಟ್ಟಳು, ತೆಗೆದುಕೊಂಡ. ಮಗನ ಹಳೆಯ ಟೊಪ್ಪಿಗೆ ಕೊಟ್ಟಳು, ಹಾಕಿಕೊಂಡ. ರಾಹೇಲಮ್ಮನೂ ತಾನು ಬರಲೇ ಅಂತ ಹೇಳಿಕಳಿಸಿದಳು. ಅಜ್ಜಿಯಿಂದ ಉತ್ತರ ಬಂತು: ನಾಳೆ ಬಾ. ನಾಳೆ ಹೋಗೋಣ ಅಂದುಕೊಂಡಿದ್ದಳು. ಅಷ್ಟರಲ್ಲಿ ದೂರದ ಹಳ್ಳಿಯಲ್ಲಿ ಒಬ್ಬಳಿಗೆ ಹೆರಿಗೆ ಕಷ್ಟವಾಗಿದೆ ಅಂತ ಕರೆ ಬಂತು. ನಸುಕಿನಲ್ಲೇ ಹೋದಳು. ತಾಯಿ ಮಗು ಉಳಿದವು. ತಿರುಗಿ ಬರುವಾಗ ಮಧ್ಯಾಹ್ನ ದಾಟಿತ್ತು. ಹಸಿದಿದ್ದಳು, ಮೈಯೆಲ್ಲ ನೋಯುತ್ತಿತ್ತು. ಮನೆ ಬಾಗಿಲು ತಳ್ಳಿದಳು.

ಮನೆಯಲ್ಲಿ ಏನೂ ಇಲ್ಲ!

ಮಂಚ ಇಲ್ಲ. ಟ್ರಂಕು ಇಲ್ಲ. ಒಲೆ ಇಲ್ಲ, ಪಾತ್ರೆ ಇಲ್ಲ, ಸೊಳ್ಳೆ ಪರದೆ ಇಲ್ಲ, ಗೋಡೆಗೆ ಹೊಡೆದಿದ್ದ ಮೊಳೆಯೂ ಇಲ್ಲ. ಕಸ ಮಾತ್ರ ಅಚ್ಚುಕಟ್ಟಾಗಿ ಗುಡಿಸಿದೆ.

"ಕಳ್ಳರು! ನೀಮಾ, ಕಳ್ಳರು!"

ನೀಮಾ ಬೇಲಿಯ ಆಚೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಕಳ್ಳನಲ್ಲ, ನಿಮ್ಮ ಮಗ! ಬೆಳಗಿನಿಂದ ಹೊರುತ್ತಿದ್ದಾನೆ! ಕೊನೆಗೆ ಮಂಚವನ್ನು ತಲೆ ಮೇಲಿಟ್ಟುಕೊಂಡು ಮೀನುಗಾರರ ಓಣಿಗೆ ಹೋದ. ಯಾಕೆ ಅಂತ ಕೇಳಿದರೆ, ಮನೆ ಸಿಕ್ಕಿತು ಅಂದ!"

ರಾಹೇಲಮ್ಮ ಸೆರಗು ಸಿಕ್ಕಿಸಿಕೊಂಡು ನಡೆದಳು. ಹಿಂದೆ ನೀಮಾ. ನೀಮಾಳ ಹಿಂದೆ ಓಣಿಯ ಹೆಂಗಸರು. ಸುದ್ದಿ ಕೇಳಿ ಪಾದ್ರಿ ತುಮಾಯಿನಿಯೂ ಸೈಕಲ್ ತಳ್ಳಿಕೊಂಡು ಬಂದು ಕೂಡಿಕೊಂಡರು. ಎಲ್ಲರೂ ಗುಡಿಸಲ ಮುಂದೆ ನಿಂತರು. ವರ್ಷಗಟ್ಟಲೆ ಮುಚ್ಚಿದ್ದ ಬಾಗಿಲು ಹಾರು ಹೊಡೆದಿತ್ತು. ಒಳಗೆ ರಾಹೇಲಮ್ಮನ ಒಲೆಯ ಮೇಲೆ ರಾಹೇಲಮ್ಮನ ಪಾತ್ರೆಯಲ್ಲಿ ಅವರೆಕಾಳು ಕುದಿಯುತ್ತಿತ್ತು. ರಾಹೇಲಮ್ಮನ ಮಂಚದ ಮೇಲೆ, ರಾಹೇಲಮ್ಮನ ಸೊಳ್ಳೆ ಪರದೆಯ ಒಳಗೆ, ಒಣಗಿದ ಕಡ್ಡಿಯಂಥ ಒಬ್ಬ ಮುದುಕಿ ರಾಣಿಯ ಹಾಗೆ ಕೂತಿದ್ದಳು. ಓಬೇದ ಗೋಡೆಗೆ ಮೊಳೆ ಹೊಡೆಯುತ್ತಿದ್ದ.

"ಏನಿದು!" ರಾಹೇಲಮ್ಮನ ಧ್ವನಿ ಸರೋವರಕ್ಕೆ ಕೇಳಿಸಿತು. "ಏನ ಮಾಡಿಯೋ ಇದು!"

"ಅಜ್ಜಿ, 'ಇದು ನಿನ್ನದೇ ಮನಿ' ಅಂದ್ಲವ್ವಾ. ಕೊಟ್ಟದ್ದು ತೊಗೋ ಅಂದಿದ್ದಿ. ತೊಗೊಂಡೆ."

"ಅದು ಬಾಯಿಮಾತೋ! ಬಂದವರಿಗೆಲ್ಲಾ ಅಂತಾರ..."

ಮುದುಕಿ ಕೈ ಎತ್ತಿದಳು. ತುಟಿ ಅಲುಗಿತು. ಓಬೇದ ಸುತ್ತಿಗೆ ಬಿಟ್ಟು ಬಂದು ಕಿವಿ ಕೊಟ್ಟ. ಎಲ್ಲರೂ ಬಾಗಿಲ ಹತ್ತಿರ ಸರಿದರು.

"ಏನಂತಾಳ?"

"ಕೂಗಬ್ಯಾಡ ಅಂತ. ಇದು ಮಂದಿ ಇರೂ ಮನಿ ಅಂತ."

ಹೊರಗೆ ನಿಂತವರಲ್ಲಿ ಯಾರೂ ನಗಲಿಲ್ಲ. ಪಾದ್ರಿಗಳು ಸೈಕಲ್ಲನ್ನು ಗೋಡೆಗೆ ಒರಗಿಸಿ ಟೊಪ್ಪಿಗೆ ತೆಗೆದರು.

ಮತ್ತೆ ತುಟಿ ಅಲುಗಿತು, ಮತ್ತೆ ಕಿವಿ ಬಗ್ಗಿತು. "ಅವ್ವಾ, ಅಜ್ಜಿ ನಿನಗೊಂದ ಕೇಳ್ತಾಳ. ಇಷ್ಟ ದಿನಾ ನನಗ ಹೇಳಾಕ ನೀ ಒಬ್ಬಾಕೀನ ಇದ್ದಿ, ಸಾಕಾಗಿರಬೇಕು ಅಂತ. ಇನ್ನ ಮ್ಯಾಲೆ ಒಂದೊಂದ ಮಾತು ತಾನೂ ಹೇಳಲೇನು ಅಂತ."

ರಾಹೇಲಮ್ಮ ಹೊಸ್ತಿಲ ಮೇಲೇ ಕೂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ದೂರ ನಡೆದು ಬಂದಿದ್ದಳಲ್ಲ, ಬೆವರಿತ್ತು. ಒರೆಸಿದಷ್ಟೂ ಒದ್ದೆಯಾಗುತ್ತಲೇ ಇತ್ತು. "ಆಕಿಗೆ ಹೇಳು, ಬಾಳ ಕಷ್ಟದ ಕೆಲಸ ಅದು ಅಂತ" ಅಂದಳು.

ಓಬೇದ ಹೇಳಿದ. ಮುದುಕಿ ನಕ್ಕಳು.

ಮಂಚ ತಿರುಗಿ ಹೋಗಲಿಲ್ಲ, ತಾಯಿ ಮಗನೂ ಅಲ್ಲೇ ಉಳಿದರು. ಸಭೆ ಕೊಟ್ಟಿದ್ದ ಮನೆಯನ್ನು ಪಾದ್ರಿಗಳು ಬೇರೆ ಕೆಲಸಕ್ಕೆ ತೆಗೆದುಕೊಂಡರು, ಗುಡಿಸಲಿಗೆ ಹೊಸ ಸೋಗೆ ಹೊದಿಸಿದರು. ಮಾತಾಡಲಿಕ್ಕೆ ಜನ ಸಿಕ್ಕ ಮೇಲೆ ಅಜ್ಜಿಯ ಧ್ವನಿ ಮೆಲ್ಲಗೆ ಗಂಟಲಿನಿಂದ ಹೊರಗೆ ಬಂತು, ಬಂದದ್ದೇ ಗಟ್ಟಿಯೂ ಆಯಿತು. ರಾಹೇಲಮ್ಮ ಸೇವೆಗೆ ಹೋದಾಗ ಓಬೇದನಿಗೆ ಏಳು ಅನ್ನುವುದು, ಉಣ್ಣು ಅನ್ನುವುದು ಅಜ್ಜಿಯ ಪಾಲಿಗೆ ಬಂತು. ಎಷ್ಟೋ ವರ್ಷಗಳ ಮೇಲೆ ರಾಹೇಲಮ್ಮ ದಾರಿಯಲ್ಲಿ ಹಿಂದೆ ತಿರುಗಿ ನೋಡದೆ ನಡೆದಳು.

ಒಂದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಮೋಡ ಕವಿಯಿತು. ಅಂಗಳದಲ್ಲಿ ಮೀನು ಒಣಹಾಕಿತ್ತು. ಓಬೇದ ಹೊಸ್ತಿಲ ಹತ್ತಿರ ನಿಂತಿದ್ದ.

"ಓಬೇದಾ, ಮಳಿ ಬಂತು, ಒಳಗ ಬಾ!" ಅಂತ ರಾಹೇಲಮ್ಮ ಕೂಗಿದಳು, ಕನ್ನಡದಲ್ಲಿ.

"ಓಬೇದ, ಮಳೆ ಬಂತು, ಹೊರಗೆ ಹೋಗಿ ಮೀನು ತೆಗಿ!" ಅಂತ ಅಜ್ಜಿ ಕೂಗಿದಳು, ಸ್ವಾಹಿಲಿಯಲ್ಲಿ.

ಓಬೇದ ಇಬ್ಬರ ಮಾತೂ ಕೇಳಿದ. ಬಲಗಾಲು ಒಳಗಿಟ್ಟ, ಎಡಗಾಲು ಹೊರಗಿಟ್ಟ. ಮಳೆ ಹೊಯ್ಯಿತು. ಮೀನು ತೇಲಿತು. ಅರ್ಧ ಮೈ ತೊಯ್ದು ತೊಪ್ಪೆಯಾಗಿ, ಅರ್ಧ ಮೈ ಬೆಚ್ಚಗೆ ಒಣಗಿ, ಹೊಸ್ತಿಲ ಮೇಲೆ ನಿಂತೇ ನಿಂತ. ಎರಡೂ ಕಡೆಯಿಂದ, ಎರಡು ಭಾಷೆಯಲ್ಲಿ, ಬೈಗುಳ ಬೀಳುತ್ತಲೇ ಇತ್ತು.